ಗುಡ್ಡದವನು ಅಂತ ಬರೆದುಕೋ

ಪ್ರೀತಿಯ ತಮ್ಮ,

ನಿನ್ನ ಪತ್ರ, ಲೇಖನ ಎರಡೂ ಓದಿದೆ. ಸಂಡೂರಿನ ಗುಡ್ಡದ ತಾಂಡಾದವನೇ ಅಲ್ಲಿನ ಸುದ್ದಿ ಬರೆದರೆ ಪಕ್ಷಪಾತ ಆಗುತ್ತೆ ಅಂತ ನಿಮ್ಮ ಪತ್ರಿಕೆಯ ಬಳ್ಳಾರಿ ಆಫೀಸಿನಲ್ಲಿ ಯಾರೋ ಅಂದರಂತೆ. ಅದಕ್ಕೇ ನಿನ್ನ ಊರಿನ ಸುಳಿವೇ ಸಿಗದ ಹಾಗೆ ಬರೆದಿದ್ದೀಯ. ಹಾಗೆ ಮಾಡಬೇಡ. ನೀನು ಎಲ್ಲಿಯವನು, ಗಣಿಗೂ ನಿಮ್ಮ ಮನೆಗೂ ಏನು ಸಂಬಂಧ, ಮೊದಲೇ ಹೇಳಿಬಿಡು. ನಿನ್ನ ಮಾವನ ಲಾರಿ ಅದಿರು ಸಾಗಿಸುತ್ತೆ ಅಂತ ಒಂದು ಸಾಲು ಹಾಕು. ನಿನ್ನನ್ನು ಎಷ್ಟು ನಂಬಬೇಕು ಅಂತ ಓದುವವರು ನೋಡಿಕೊಳ್ಳುತ್ತಾರೆ.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಪತ್ರಿಕೆಗಳ ತುಂಬ ಲೋಕಾಯುಕ್ತ ವರದಿ, ರಾಜಕಾರಣಿಗಳು, ಕೋಟಿಗಳ ಲೆಕ್ಕ. ಅದನ್ನು ಬರೆಯಲೇಬೇಕಿತ್ತು. ಆದರೆ ಸಾಲ ಮಾಡಿ ಲಾರಿ ತಂದವರ ಕಂತು ಏನಾಯ್ತು? ಕೂಲಿ ತಪ್ಪಿದವರು ಯಾವ ಊರಿಗೆ ಕಬ್ಬು ಕಡಿಯಲು ಹೋದರು? 2012-13ರಲ್ಲಿ ಕೋರ್ಟು ಕೆಲವು ಗಣಿಗಳಿಗೆ ಮತ್ತೆ ಒಪ್ಪಿಗೆ ಕೊಡುವ ತನಕ ಒಲೆ ಹೇಗೆ ಉರಿಯಿತು ಅಂತ ನಿನ್ನ ತಾಂಡಾದ ಹಿರಿಯರಿಗೆ ಗೊತ್ತು. ಗುಡ್ಡ ಉಳೀಬೇಕು ಅನ್ನೋರು, ಗಣಿ ಬೇಕು ಅನ್ನೋರು ಒಂದೇ ಮನೆಯಲ್ಲಿ ಊಟಕ್ಕೆ ಕೂರುತ್ತಾರೆ, ಅಲ್ವಾ? ಇಬ್ಬರನ್ನೂ ಬರಿ. ‘ತಾಂಡಾದ ಜನ ಹೀಗನ್ನುತ್ತಾರೆ’ ಅಂತ ಬರೆದಿದ್ದೀಯಲ್ಲ, ಆ ಸಾಲು ತೆಗೆದುಬಿಡು. ಯಾರು ಅಂದರು ಅಂತ ಹೇಳು.

ಕಸೂತಿಯ ಭಾಗ ನನಗೆ ಇಷ್ಟವಾಯಿತು, ಆದರೆ ಅವಸರದಲ್ಲಿ ಮುಗಿಸಿದ್ದೀಯ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ ಸಂಡೂರಿನ ಲಂಬಾಣಿ ಕಸೂತಿ ಗಿನ್ನಿಸ್ ದಾಖಲೆಗೆ ಸೇರಿತು. ಅದನ್ನು ಎಲ್ಲರೂ ಬರೆದರು. ನೀನು ಅಮ್ಮನ ಪಕ್ಕ ಕೂತು ಬೆಳೆದವನು. ಕನ್ನಡಿ ಚೂರನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಅದು ಜಾರದ ಹಾಗೆ ಸುತ್ತಲೂ ದಾರ ಎಳೆಯೋದನ್ನು ನೋಡಿದ್ದೀಯ. ಒಂದು ಬಟ್ಟೆಗೆ ಎಷ್ಟು ದಿನ ಹಿಡಿಯಿತು, ಕೈಗೆ ಎಷ್ಟು ಬಂತು, ಕಣ್ಣು ಮಂಜಾದ ಮೇಲೆ ಸೂಜಿಗೆ ದಾರ ಪೋಣಿಸಿ ಕೊಡೋದು ಯಾರು, ಕೇಳು.

ಇನ್ನೊಂದು ಮಾತು. ಕಸೂತಿ ಹಾಕುವ ಹೆಂಗಸರು ನಿನ್ನ ಹತ್ತಿರ ನಿಮ್ಮ ಲಂಬಾಣಿ ಭಾಷೆ ಗೋರ್ ಬೋಲಿಯಲ್ಲಿ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಅವರಿಗೆ ನೀನು ವರದಿಗಾರ ಅಲ್ಲ, ಮನೆಮಗ. ಅದೇ ಕಷ್ಟ. ಹೇಳಿದ್ದನ್ನು ಹೇಳಿದ ಹಾಗೇ ಕನ್ನಡ ಅಕ್ಷರದಲ್ಲಿ ಬರೆದುಕೋ. ಆಮೇಲೆ ಓದಿ ಹೇಳಿ, ‘ಇದನ್ನು ಪೇಪರಿಗೆ ಹಾಕಲಾ?’ ಅಂತ ಕೇಳು. ಬೇಡ ಅಂದರೆ ಬಿಟ್ಟುಬಿಡು, ಎಷ್ಟೇ ಒಳ್ಳೆ ಮಾತಾಗಿರಲಿ.

ಮುಂದಿನ ಕೆಲಸವೂ ಹೇಳ್ತೀನಿ. 2015ರಲ್ಲಿ ಗಣಿ ಕಾನೂನಿಗೆ ಆದ ತಿದ್ದುಪಡಿಯಿಂದ ಗಣಿ ಇರುವ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು. ಗಣಿಯಿಂದ ತೊಂದರೆ ಆದ ಊರುಗಳಿಗೇ ಖರ್ಚಾಗಬೇಕಾದ ದುಡ್ಡು ಅದು. ನಿಮ್ಮ ಸುತ್ತಲಿನ ತಾಂಡಾಗಳ ಹೆಸರಲ್ಲಿ ಯಾವ ಕೆಲಸ ಆಗಿದೆ ಅಂತ ಮಾಹಿತಿ ಹಕ್ಕಿನಲ್ಲಿ ಪಟ್ಟಿ ತೆಗೆಸು. ಪಟ್ಟಿ ಹಿಡಿದು ನಡೆದು ನೋಡು: ರಸ್ತೆ ಇದೆಯಾ, ನಲ್ಲಿಯಲ್ಲಿ ನೀರು ಬರುತ್ತಾ, ಅಂಗನವಾಡಿಗೆ ಬಾಗಿಲು ಇದೆಯಾ. ಕಳಪೆ ಕೆಲಸದ ಗುತ್ತಿಗೆದಾರ ನಿನ್ನ ಬಂಧುವೇ ಆಗಿದ್ದರೆ ಅವರನ್ನೂ ಕೇಳು, ಬಂಧು ಅಂತಲೂ ಬರಿ. ಹಬ್ಬಕ್ಕೆ ಊರಿಗೆ ಹೋದಾಗ ನಾಲ್ಕು ಮಾತು ಕೇಳಬೇಕಾಗುತ್ತೆ. ಕೇಳಿಸಿಕೋ.

ಪಟ್ಟಿ ಕೈಗೆ ಬಂದ ಕೂಡಲೇ ನನಗೊಂದು ಪ್ರತಿ ಕಳಿಸು. ಕೂತು ನೋಡೋಣ.

ಇಂತಿ ನಿನ್ನ
ಅಣ್ಣ