ಪುಟ್ಟಿಗೆ ಒಂದು ಪತ್ರ: ಹೂಂ ಅನ್ನೋ ಮೊದಲು ಬಿಲ್ಯಾನಾ ಪ್ಲಾವ್ಶಿಚ್ ಬಗ್ಗೆ ಓದು

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಮೆಸೇಜು ಓದಿದೆ. ಪಾರ್ಟಿಯವರು ಮನೆ ತನಕ ಬಂದು ಕರೆದಿದ್ದಾರೆ, ಪಿಎಚ್‌ಡಿ ಮಾಡಿದ ಹುಡುಗಿ ವೇದಿಕೆ ಮೇಲೆ ನಿಂತು ಹೇಳಿದರೆ ಜನ ನಂಬ್ತಾರೆ ಅಂದಿದ್ದಾರೆ, ಮುಂದಿನ ತಿಂಗಳೇ ಮೊದಲ ಭಾಷಣ ಅಂತ ಬರೆದಿದ್ದೀಯ. ಅದು ಯಾವ ಪಾರ್ಟಿ ಅನ್ನೋದು ನನಗೆ ಮುಖ್ಯ ಅಲ್ಲ. ಬೇರೆಯವರು ಕರೆದಿದ್ದರೂ ಇದೇ ಪತ್ರ ಬರೆಯುತ್ತಿದ್ದೆ. ನಿಮ್ಮಪ್ಪ ಬೇಡವೇ ಬೇಡ ಅಂತ ಹಟ ಹಿಡಿದಿದ್ದಾನಂತೆ. ನಾನು ಹಾಗೆ ಹೇಳೋದಿಲ್ಲ. ಓದಿಕೊಂಡವರು ರಾಜಕೀಯಕ್ಕೆ ಹೋಗಬೇಕು, ಹೋಗಲಿ. ಆದರೆ ಆ "ಜನ ನಂಬ್ತಾರೆ" ಅನ್ನೋ ಮಾತು ಮಾತ್ರ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ನಿನ್ನನ್ನು ಕರೆದಿರೋದು ನಿನ್ನ ವಿಚಾರಕ್ಕಲ್ಲ, ನಿನ್ನ ಹೆಸರಿನ ಮುಂದೆ ಇರೋ "ಡಾಕ್ಟರ್"ಗೆ. ಅದಕ್ಕೇ ನಮ್ಮದೇ ವಿಷಯ ಓದಿದ, ನಮ್ಮ ಹಾಗೇ ಸಸ್ಯಶಾಸ್ತ್ರ ಪಾಠ ಮಾಡಿದ ಒಬ್ಬ ಹೆಂಗಸಿನ ಕತೆ ಹೇಳಬೇಕು ಅನ್ನಿಸಿತು. ಸ್ವಲ್ಪ ಉದ್ದ ಇದೆ, ಬೇಸರ ಮಾಡಿಕೊಳ್ಳದೆ ಪೂರ್ತಿ ಓದು.

ಬಿಲ್ಯಾನಾ ಪ್ಲಾವ್ಶಿಚ್ ಹುಟ್ಟಿದ್ದು 1930ರಲ್ಲಿ, ಬೋಸ್ನಿಯಾದ ತೂಜ್ಲಾ ಊರಲ್ಲಿ. ಆಗ ಅದು ಯುಗೊಸ್ಲಾವಿಯಾ. ಸರಯೆವೊ ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರದ ಪ್ರೊಫೆಸರ್ ಆದಳು, ಡೀನ್ ಆದಳು. ಫುಲ್‌ಬ್ರೈಟ್ ಸ್ಕಾಲರ್‌ಶಿಪ್ ಸಿಕ್ಕಿ ಅಮೆರಿಕಕ್ಕೂ ಹೋಗಿ ಗಿಡಗಳ ಮೇಲೆ ಸಂಶೋಧನೆ ಮಾಡಿ ಬಂದವಳು. ಆಕೆಯ ಕ್ಲಾಸಿನಲ್ಲಿ ಬೋಸ್ನಿಯಾದ ಮೂರೂ ಸಮುದಾಯದವರ, ಅಂದರೆ ಸೆರ್ಬರು, ಮುಸ್ಲಿಮರು, ಕ್ರೊಯೆಟರು ಎಲ್ಲರ ಮಕ್ಕಳೂ ಕೂತಿದ್ದರು. ಈಕೆ ಸೆರ್ಬಳು. ಅರವತ್ತು ವರ್ಷದ ತನಕ ರಾಜಕೀಯದ ಗೋಜಿಗೇ ಹೋಗಿರಲಿಲ್ಲ. 1990ರಲ್ಲಿ ಕಮ್ಯುನಿಸ್ಟರ ಏಕಪಕ್ಷದ ಆಡಳಿತ ಕುಸಿದು ಮೊದಲ ಬಹುಪಕ್ಷ ಚುನಾವಣೆ ಬಂತು ನೋಡು, ಆಗ ಸೆರ್ಬರದೇ ಒಂದು ಪಾರ್ಟಿ ಹುಟ್ಟಿಕೊಂಡಿತು, ಸೆರ್ಬಿಯನ್ ಡೆಮಾಕ್ರಟಿಕ್ ಪಾರ್ಟಿ ಅಂತ. ಜುಲೈಯಲ್ಲಿ ಈಕೆ ಸೇರಿದಳು. ನವೆಂಬರ್‌ನಲ್ಲಿ ಬೋಸ್ನಿಯಾದ ಏಳು ಜನರ ಅಧ್ಯಕ್ಷ ಮಂಡಳಿಗೆ ಸೆರ್ಬರ ಪ್ರತಿನಿಧಿಯಾಗಿ ಆರಿಸಿ ಬಂದಳು. ನಾಲ್ಕೇ ತಿಂಗಳು!

ಆ ಪಾರ್ಟಿಯ ಮೇಲಿನವರು ಯಾರು ಅಂತ ಕೇಳು. ನಾಯಕ ರಾದೊವಾನ್ ಕರಾಜಿಚ್ ಮನೋವೈದ್ಯ, ಜೊತೆಗೆ ಕವಿ. ನಿಕೊಲಾ ಕೊಲ್ಯೆವಿಚ್ ಶೇಕ್ಸ್‌ಪಿಯರ್ ಪಂಡಿತ. ಇವಳು ವಿಜ್ಞಾನಿ. ರೌಡಿಗಳ ಗುಂಪು ಅಂತ ಯಾರೂ ಅನ್ನುವ ಹಾಗಿರಲಿಲ್ಲ. ಮಕ್ಕಳನ್ನು ಇಂಥವರ ಕೈಗೆ ಕೊಟ್ಟು ಓದಿಸುತ್ತೇವಲ್ಲ, ಅಂಥವರು.

ನೀನು ಏನು ಅನ್ನುತ್ತೀಯ ಅಂತ ಗೊತ್ತು. "ದೊಡ್ಡಮ್ಮ, ಅಲ್ಲಿ ಯುದ್ಧ ಇತ್ತು, ಇಲ್ಲಿ ಬರೀ ಒಂದು ಸಭೆ." 1990ರ ನವೆಂಬರ್‌ನಲ್ಲಿ ಅಲ್ಲೂ ಯುದ್ಧ ಇರಲಿಲ್ಲ ಕಣೇ. ಸಭೆಗಳೇ ಇದ್ದವು. ಭಾಷಣಗಳೇ ಇದ್ದವು.

ಅಲ್ಲಿನ ಭಯ ಸುಮ್ನೆ ಕಟ್ಟಿದ ಕತೆ ಆಗಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಹಿಟ್ಲರನ ಜೊತೆ ನಿಂತ ಕ್ರೊಯೇಷಿಯಾದ ಉಸ್ತಾಶಾ ಸರ್ಕಾರ ಲಕ್ಷಗಟ್ಟಲೆ ಸೆರ್ಬರನ್ನು ಕೊಂದಿತ್ತು. ಪ್ಲಾವ್ಶಿಚ್‌ಗೆ ಆಗ ಹತ್ತು ಹದಿನೈದು ವರ್ಷ, ಎಲ್ಲ ನೆನಪಿರುವ ವಯಸ್ಸು. ಆ ನೋವು ನಿಜ. ಪಾರ್ಟಿ ಮಾಡಿದ್ದು ಏನು ಅಂದರೆ, ಆ ನೋವನ್ನು ಎತ್ತಿಕೊಂಡು ಹೋಗಿ, ಅದಕ್ಕೆ ಸಂಬಂಧವೇ ಇಲ್ಲದ ಪಕ್ಕದ ಮನೆಯ ಮುಸ್ಲಿಮರು, ಕ್ರೊಯೆಟರ ಮೇಲೆ ಹೊರಿಸಿದ್ದು. "ಅವರು ಮೊದಲು ನಮ್ಮನ್ನು ಮುಗಿಸುತ್ತಾರೆ, ಅದಕ್ಕೆ ಮುಂಚೆ ನಾವು" ಅನ್ನೋ ಲೆಕ್ಕ. ಈ ಲೆಕ್ಕ ಯಾವ ಭಾಷೆಯಲ್ಲಿ ಕೇಳಿಸಿದರೂ ನೀನು ಗುರುತು ಹಿಡಿಯಬೇಕು.

1992ರ ಮಾರ್ಚ್ ಕೊನೆ, ಏಪ್ರಿಲ್ ಶುರು. ಈಶಾನ್ಯ ಬೋಸ್ನಿಯಾದ ಬಿಯೆಲ್ಯಿನಾ ಅನ್ನೋ ಊರಿಗೆ ಅರ್ಕಾನ್ ಎಂಬ ಸೆರ್ಬನ ಖಾಸಗಿ ಪಡೆ ನುಗ್ಗಿತು. ಅಮೆರಿಕದ ಫೋಟೋಗ್ರಾಫರ್ ರಾನ್ ಹಾವಿವ್ ಅಲ್ಲಿ ತೆಗೆದ ಒಂದು ಫೋಟೋ ಇದೆ, ನೀನು ನೋಡಲೇಬೇಕು. ಫುಟ್‌ಪಾತ್ ಮೇಲೆ ಮೂರು ಜನ ಬಿದ್ದಿದ್ದಾರೆ, ಮಾಮೂಲಿ ಮನೆಬಟ್ಟೆಯ ಜನ. ಒಬ್ಬ ಸೈನಿಕ, ಇನ್ನೂ ಹುಡುಗ, ಕೂಲಿಂಗ್ ಗ್ಲಾಸು ತಲೆ ಮೇಲೆ ಏರಿಸಿಕೊಂಡಿದ್ದಾನೆ, ಒಂದು ಕೈಯಲ್ಲಿ ಬಂದೂಕು, ಇನ್ನೊಂದು ಕೈಯ ಬೆರಳ ಸಂದಿಯಲ್ಲಿ ಸಿಗರೇಟು. ಬಿದ್ದಿರುವ ಹೆಂಗಸನ್ನು ಒದೆಯಲು ಕಾಲು ಹಿಂದಕ್ಕೆ ಎತ್ತಿದ್ದಾನೆ. ಪಕ್ಕದಲ್ಲಿ ಇನ್ನಿಬ್ಬರು ಸೈನಿಕರು ಅತ್ತ ನೋಡದೆ ನಡೆದು ಹೋಗುತ್ತಿದ್ದಾರೆ. ನನಗೆ ಆ ಹುಡುಗನಿಗಿಂತ ಜಾಸ್ತಿ ಕಾಡೋದು ಆ ಇಬ್ಬರು.

ಇದಾಗಿ ಎರಡು ಮೂರು ದಿನಕ್ಕೆ, ಏಪ್ರಿಲ್ 4ರಂದು, ಅಲ್ಲಿ ಏನಾಗಿದೆ ನೋಡಿ ಬರಲು ಅಧ್ಯಕ್ಷ ಮಂಡಳಿಯಿಂದ ಒಂದು ನಿಯೋಗ ಹೋಯಿತು. ಅದರಲ್ಲಿ ಪ್ಲಾವ್ಶಿಚ್ ಇದ್ದಳು. ಊರನ್ನು ಯುಗೊಸ್ಲಾವಿಯಾದ ಸೇನೆಗೆ ಒಪ್ಪಿಸು ಅಂತ ಅರ್ಕಾನ್‌ಗೆ ಕೇಳಿದಳು. ನನ್ನ ಕೆಲಸ ಇನ್ನೂ ಮುಗಿದಿಲ್ಲ ಅಂದ ಅವನು. ಅಲ್ಲಿಗೆ ಸುಮ್ಮನಾದಳು. ಯಾವ ಕೆಲಸ, ಎಷ್ಟು ಜನ ಸತ್ತರು, ಯಾರು ಅವರು, ಅಂತ ಪಟ್ಟು ಹಿಡಿಯಲಿಲ್ಲ. ಅದು ಸಾಲದು ಅಂತ, ಸೆರ್ಬರನ್ನು ಉಳಿಸಿದೆ ಅಂತ ಎಲ್ಲರೆದುರಿಗೇ ಅವನಿಗೆ ಥ್ಯಾಂಕ್ಸ್ ಹೇಳಿ ಮುತ್ತು ಕೊಟ್ಟಳು. ಕ್ಯಾಮೆರಾಗಳು ಇದ್ದವು. ಒಬ್ಬ ಪ್ರೊಫೆಸರ್, ರಾಜ್ಯದ ಅಧ್ಯಕ್ಷ ಮಂಡಳಿಯ ಸದಸ್ಯೆ, ಇಡೀ ಬೋಸ್ನಿಯಾ ನೋಡುತ್ತಿರುವಾಗ ಕೊಲೆಗಡುಕನಿಗೆ ಮುತ್ತು ಕೊಟ್ಟರೆ ಬೇರೆ ಊರುಗಳಲ್ಲಿ ಬಂದೂಕು ಹಿಡಿದು ಕಾಯುತ್ತಿರುವವರಿಗೆ ಏನು ಅರ್ಥ ಆಗುತ್ತೆ ಹೇಳು? ಒಂದು ಆದೇಶಕ್ಕೂ ಸಹಿ ಹಾಕಬೇಕಾಗಿಲ್ಲ.

ಅಷ್ಟು ಹೊತ್ತಿಗೆ ಸೆರ್ಬ್ ನಾಯಕರು ತಮ್ಮದೇ ಬೇರೆ ರಾಜ್ಯ ಅಂತ ಘೋಷಿಸಿಕೊಂಡಿದ್ದರು. 1992ರ ಫೆಬ್ರವರಿ ಕೊನೆಯಿಂದ ಮೇ ತನಕ ಅದಕ್ಕೆ ಹಂಗಾಮಿ ಅಧ್ಯಕ್ಷರಾಗಿದ್ದವರು ಪ್ಲಾವ್ಶಿಚ್ ಮತ್ತು ಕೊಲ್ಯೆವಿಚ್. ಆಮೇಲೆ ಕರಾಜಿಚ್ ಅಧ್ಯಕ್ಷ, ಈಕೆ ಉಪಾಧ್ಯಕ್ಷೆ. ಆ ವರ್ಷ ನಡೆದದ್ದನ್ನು ನಂತರ ಕೋರ್ಟಿನ ತೀರ್ಪಿನಲ್ಲೇ ಬರೆದಿದ್ದಾರೆ. 37 ಆಡಳಿತ ಪ್ರದೇಶಗಳಲ್ಲಿ ಮುಸ್ಲಿಮರನ್ನೂ ಕ್ರೊಯೆಟರನ್ನೂ ಓಡಿಸಿದರು, ಕ್ಯಾಂಪುಗಳಿಗೆ ತುಂಬಿದರು, ಕೊಂದರು, ಹೆಂಗಸರ ಮೇಲೆ ಅತ್ಯಾಚಾರ ಮಾಡಿದರು. ನೂರಕ್ಕೂ ಜಾಸ್ತಿ ಮಸೀದಿ, ಚರ್ಚುಗಳನ್ನು ಕೆಡವಿದರು. ಸುಮಾರು 850 ಹಳ್ಳಿಗಳು ನೆಲಸಮ ಆದವು.

ಇನ್ನು ನಮ್ಮ ವಿಷಯಕ್ಕೆ ಬರುತ್ತೇನೆ. 1993ರಲ್ಲಿ ಒಂದು ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ ಬೋಸ್ನಿಯಾದ ಮುಸ್ಲಿಮರ ಬಗ್ಗೆ ಆಕೆ ಹೇಳಿದಳು, ಇವರು ಮೂಲದಲ್ಲಿ ಸೆರ್ಬರೇ, ಆದರೆ ಹಿಂದೊಮ್ಮೆ ಇಸ್ಲಾಮಿಗೆ ಹೋದದ್ದು ನಮ್ಮಲ್ಲಿನ ಕೆಟ್ಟುಹೋದ ಜೀನುಗಳ ಜನ, ತಲೆಮಾರು ಕಳೆದ ಹಾಗೆ ಆ ಜೀನು ಗಟ್ಟಿಯಾಗುತ್ತಾ ಬಂದಿದೆ ಅಂತ. ಪುಟ್ಟಿ, ನಾನು ಮೆಂಡೆಲ್‌ನ ಬಟಾಣಿ ಗಿಡದ ಪಾಠ ಎಷ್ಟೋ ವರ್ಷ ಮಾಡಿದ್ದೇನೆ. ನೀನಂತೂ ನನಗಿಂತ ಎಷ್ಟೋ ಮುಂದೆ ಹೋಗಿದ್ದೀಯ. ಧರ್ಮ ಬದಲಾಯಿಸೋದಕ್ಕೆ ಜೀನು ಇಲ್ಲ, ನಡತೆಯನ್ನು ಒಂದು ಜನಾಂಗಕ್ಕೇ ಅಂಟಿಸೋ ಜೀನೂ ಇಲ್ಲ ಅಂತ ಮೊದಲ ವರ್ಷದ ಬಿಎಸ್ಸಿ ಮಕ್ಕಳಿಗೂ ಗೊತ್ತು. ಆಕೆಗೆ ಗೊತ್ತಿರಲಿಲ್ಲವಾ? ಖಂಡಿತ ಗೊತ್ತಿತ್ತು. ಆದರೆ ಅದನ್ನು ಓದಿದ ಅಂಗಡಿಯವನಿಗೆ, ಲಾರಿ ಡ್ರೈವರನಿಗೆ ಗೊತ್ತಿರಲಿಲ್ಲ. ಅವನು ನೋಡಿದ್ದು "ಪ್ರೊಫೆಸರ್" ಅನ್ನೋ ಪದ ಮಾತ್ರ. ಬೇರೆ ಯಾವ ರಾಜಕಾರಣಿ ಈ ಮಾತು ಹೇಳಿದ್ದರೂ ಬೈಗುಳ ಆಗುತ್ತಿತ್ತು. ಆಕೆಯ ಬಾಯಲ್ಲಿ ಅದು ವಿಜ್ಞಾನ ಆಯಿತು. ನನಗೆ ಆಕೆಯ ಮೇಲೆ ತಡೆಯಲಾರದ ಸಿಟ್ಟು ಬರೋದು ಇಲ್ಲೇ.

ಯುದ್ಧ ಮುಗಿದ ಮೇಲಿನದ್ದನ್ನು ಬೇಗ ಹೇಳಿಬಿಡುತ್ತೇನೆ. 1996ರಲ್ಲಿ ಕರಾಜಿಚ್ ಅಧಿಕಾರ ಬಿಡಬೇಕಾಯಿತು, ಈಕೆ ಅಧ್ಯಕ್ಷೆ ಆದಳು. ಕರಾಜಿಚ್‌ನ ಗುಂಪಿನ ಜೊತೆ ಜಗಳ ಆಯಿತು, ಬಾನ್ಯಾ ಲೂಕಾಗೆ ಹೋಗಿ ಬೇರೆ ಪಾರ್ಟಿ ಕಟ್ಟಿದಳು, ಶಾಂತಿ ಒಪ್ಪಂದದ ಪರ ನಿಂತಳು. ಆಗ ಪಶ್ಚಿಮದ ದೇಶಗಳಿಗೆಲ್ಲ ಬೇಕಾದವಳಾದಳು. 1998ರಲ್ಲಿ ಸೋತಳು. 2001ರ ಜನವರಿಯಲ್ಲಿ, ಹೇಗ್‌ನಲ್ಲಿ ವಿಶ್ವಸಂಸ್ಥೆ ಕೂರಿಸಿದ್ದ ಯುಗೊಸ್ಲಾವಿಯಾ ಯುದ್ಧಾಪರಾಧ ನ್ಯಾಯಮಂಡಳಿಗೆ ತಾನಾಗಿಯೇ ಶರಣಾದಳು. ಮೊದಲು ತಪ್ಪಿಲ್ಲ ಅಂದವಳು 2002ರ ಅಕ್ಟೋಬರ್‌ನಲ್ಲಿ ಒಂದು ಆರೋಪ ಒಪ್ಪಿಕೊಂಡಳು. ರಾಜಕೀಯ, ಜನಾಂಗ, ಧರ್ಮದ ಆಧಾರದ ಮೇಲೆ ಜನರನ್ನು ಹಿಂಸಿಸಿದ್ದು, ಅಂದರೆ ಮಾನವೀಯತೆಯ ವಿರುದ್ಧದ ಅಪರಾಧ. ನರಮೇಧ ಸೇರಿ ಉಳಿದ ಆರೋಪಗಳನ್ನು ಪ್ರಾಸಿಕ್ಯೂಷನ್ ಕೈಬಿಟ್ಟಿತು.

ಆ ಡಿಸೆಂಬರ್‌ನಲ್ಲಿ ಕೋರ್ಟಿನಲ್ಲಿ ಎದ್ದು ನಿಂತು ಆಕೆ ಓದಿದ ಹೇಳಿಕೆ ಇದೆಯಲ್ಲ, ಅದಕ್ಕೋಸ್ಕರವೇ ನಾನು ಇಷ್ಟೆಲ್ಲ ಬರೆದೆ. ತಮ್ಮ ನಾಯಕತ್ವ ಸಾವಿರಾರು ಅಮಾಯಕರನ್ನು ವ್ಯವಸ್ಥಿತವಾಗಿ ಬಲಿ ಹಾಕಿತು ಅಂತ ಒಪ್ಪಿಕೊಂಡಳು. ಆತ್ಮರಕ್ಷಣೆ ಅಂತ ತನಗೆ ತಾನೇ ಸುಲಭವಾಗಿ ನಂಬಿಸಿಕೊಂಡೆ ಅಂದಳು. ಕಣ್ಣು ಕಟ್ಟುವ ಭಯ ಅಂದಳು. ಇನ್ನೊಂದು ಮಾತನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಬೇರೆಯವರ ಮೇಲೆ ಕ್ರೌರ್ಯ ನಡೆಯುತ್ತಿದೆ ಅಂತ ತನಗೆ ಪದೇ ಪದೇ ಸುದ್ದಿ ಬಂದರೂ ಒಪ್ಪಲಿಲ್ಲ, ತನಿಖೆ ಮಾಡುವ ಪ್ರಯತ್ನವನ್ನೂ ಮಾಡಲಿಲ್ಲ, ನಮ್ಮ ಸೆರ್ಬರು ಅಂಥದ್ದು ಮಾಡೋರೇ ಅಲ್ಲ ಅಂತ ನಂಬಿ ಕೂತೆ ಅಂತ. ಆ ದಿನಗಳಲ್ಲಿ ಆಕೆ ಏನು ಮಾಡುತ್ತಿದ್ದಳು ಗೊತ್ತಾ? ನೊಂದ ಸೆರ್ಬರ ಸೇವೆಯಲ್ಲಿ ಮುಳುಗಿದ್ದಳು. ಅದೂ ಒಳ್ಳೆಯ ಕೆಲಸವೇ. ಆದರೆ ದಿನಾ ತಮ್ಮವರ ನೋವನ್ನು ಮಾತ್ರ ನೋಡಿ ನೋಡಿ, ಇನ್ನೊಬ್ಬರ ನೋವಿನ ಸುದ್ದಿ ಬಂದಾಗ ಅದು ಸುಳ್ಳು ಅನ್ನಿಸೋಕೆ ಶುರುವಾಯಿತು. ವಿಜ್ಞಾನ ಓದಿದವಳು, ಒಂದು ಎಲೆಯ ಮೇಲೆ ಚುಕ್ಕೆ ಕಂಡರೂ ಸ್ಲೈಡ್ ಮಾಡಿ ನೋಡುವವಳು, ಇದನ್ನು ಹೋಗಿ ನೋಡಲಿಲ್ಲ.

2003ರ ಫೆಬ್ರವರಿ 27ರಂದು 11 ವರ್ಷ ಶಿಕ್ಷೆ ಆಯಿತು. ಆಗ ಆಕೆಗೆ 72. ನನ್ನನ್ನು ಕೇಳಿದರೆ ಕಡಿಮೆ ಆಯಿತು. ಮನೆಯವರನ್ನು ಕಳೆದುಕೊಂಡವರೂ ಹಾಗೇ ಅಂದರು. ತಪ್ಪೊಪ್ಪಿಗೆಯಿಂದ ಸಮಾಜಗಳು ಮತ್ತೆ ಹತ್ತಿರ ಬರುತ್ತವೆ ಅಂತ ನ್ಯಾಯಾಧೀಶರು ಅದಕ್ಕೆ ತೂಕ ಕೊಟ್ಟರು. ಸ್ವೀಡನ್ನಿನ ಹೆಂಗಸರ ಜೈಲಿಗೆ ಕಳಿಸಿದರು. 2009ರ ಶುರುವಿನಲ್ಲಿ ಅಲ್ಲಿಂದಲೇ ಒಂದು ಸ್ವೀಡಿಷ್ ಪತ್ರಿಕೆಗೆ ಹೇಳಿದಳು, ನಾನು ಏನೂ ತಪ್ಪು ಮಾಡಿಲ್ಲ, ಉಳಿದ ಆರೋಪಗಳಿಂದ ತಪ್ಪಿಸಿಕೊಳ್ಳಲು ಒಪ್ಪಿಕೊಂಡೆ ಅಷ್ಟೇ ಅಂತ. ಅದೇ ವರ್ಷ ಅಕ್ಟೋಬರ್‌ನಲ್ಲಿ ಶಿಕ್ಷೆಯ ಮೂರನೇ ಎರಡು ಭಾಗ ಮುಗಿಸಿ ಬಿಡುಗಡೆ ಆದಳು. ಬೋಸ್ನಿಯಾದ ಸೆರ್ಬ್ ಭಾಗದ ಆಗಿನ ಪ್ರಧಾನಿ ಮಿಲೊರಾದ್ ದೊದಿಕ್ ಸರ್ಕಾರಿ ವಿಮಾನ ಕಳಿಸಿ ಬೆಲ್‌ಗ್ರೇಡ್‌ಗೆ ಕರೆಸಿಕೊಂಡ. ತುಪ್ಪಳದ ಕೋಟು ಹಾಕಿಕೊಂಡು ಅವನ ಜೊತೆ ಕೈ ಹಿಡಿದು ನಡೆದಳು. ಕೋರ್ಟಿನಲ್ಲಿ ಆ ಹೇಳಿಕೆ ಕೇಳಿ, ಕೊನೆಗೂ ಒಬ್ಬರಾದರೂ ಒಪ್ಪಿಕೊಂಡರಲ್ಲ ಅಂತ ಕಣ್ಣೀರು ಒರೆಸಿಕೊಂಡ ತಾಯಂದಿರು ಇದ್ದರಲ್ಲ, ಅವರು ಆ ದಿನ ಟಿವಿ ಹಾಕಿದಾಗ ಏನನ್ನಿಸಿರಬೇಕು? ಆ ಹೇಳಿಕೆಯಲ್ಲಿದ್ದ ಒಂದೊಂದು ಮಾತೂ ಇವತ್ತಿಗೂ ನಿಜವೇ. ಹೇಳಿದವಳೇ ಅದರ ಹಿಂದೆ ನಿಲ್ಲಲಿಲ್ಲ.

ಈಗ ನಿನ್ನ ವಿಷಯ. ನೀನು ಪ್ಲಾವ್ಶಿಚ್ ಆಗುತ್ತೀಯ ಅಂತ ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡ. ನಿನ್ನ ಮನಸ್ಸು ನನಗೆ ಗೊತ್ತು. ಆದರೆ ಮೊದಲ ಭಾಷಣವನ್ನು ಅವರೇ ಬರೆದು ಕೊಡುತ್ತಾರೆ ಅಂದೆಯಲ್ಲ, ಅದು ಬೇಡ. ನೀನೇ ಬರಿ. ಅದರಲ್ಲಿ ಯಾವುದೇ ಜಾತಿ, ಧರ್ಮ, ಊರಿನ ಜನರ ಬಗ್ಗೆ ರಕ್ತ, ತಳಿ, ಜೀನು ಅನ್ನೋ ಒಂದು ಪದವೂ ಬರಬಾರದು, ಹೊಗಳಿಕೆಗೂ ಬರಬಾರದು. "ನಮ್ಮ ರಕ್ತ ಶ್ರೇಷ್ಠ" ಅಂತ ಚಪ್ಪಾಳೆ ಗಿಟ್ಟಿಸಿದ ಮೇಲೆ ಮುಂದಿನ ಸಭೆಯಲ್ಲಿ ಇನ್ನೊಬ್ಬರ ರಕ್ತದ ಬಗ್ಗೆ ಕೇಳೇ ಕೇಳುತ್ತಾರೆ.

ನಿಮ್ಮ ಪಾರ್ಟಿಯ ಹುಡುಗರು ಎಲ್ಲೋ ಯಾರಿಗೋ ಹೊಡೆದರು ಅಂತ ಸುದ್ದಿ ಬಂದರೆ, "ನಮ್ಮವರು ಹಾಗೆ ಮಾಡಲ್ಲ" ಅಂತ ಬಾಯಿಗೆ ಬರುತ್ತೆ, ಎಲ್ಲರಿಗೂ ಬರುತ್ತೆ. ಆಗ ಬಾಯಿ ಮುಚ್ಚಿಕೊಂಡು ಗಾಡಿ ಹತ್ತು. ಏಟು ತಿಂದವನ ಮನೆಗೆ ಹೋಗಿ ಅಲ್ಲೇ ಕೂತು ಕೇಳು. ಪಾರ್ಟಿಯವರು ಬೇಡ ಅಂದರೆ ಆ ಪಾರ್ಟಿ ಬಿಟ್ಟು ಬಾ. ಪಕ್ಷಾಂತರಿ ಅಂತಾರೆ, ಅನ್ನಲಿ.

ಮತ್ತೆ, ಹೇಗ್ ನ್ಯಾಯಮಂಡಳಿಯ ವೆಬ್‌ಸೈಟಿನಲ್ಲಿ ಆಕೆಯ 2002ರ ಹೇಳಿಕೆ, 2003ರ ತೀರ್ಪು ಎರಡೂ ಇಂಗ್ಲಿಷಿನಲ್ಲಿ ಇವೆ. ಎರಡನ್ನೂ ಓದು, ಹೇಳಿಕೆ ಚಿಕ್ಕದೇ. ಭಾಷಣ ಬರೆದಾದ ಮೇಲೆ ನನಗೂ ಒಂದು ಕಾಪಿ ಕಳಿಸು, ಪೆನ್ಸಿಲ್ ಹಿಡಿದು ಕೂರುತ್ತೇನೆ. ಅಪ್ಪನ ಹತ್ತಿರ ನಾನು ಮಾತಾಡುತ್ತೇನೆ, ನೀನು ಅವನ ಜೊತೆ ಜಗಳಕ್ಕೆ ಹೋಗಬೇಡ. ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ ಫೋನ್ ಮಾಡು.

ಇಂತಿ,
ನಿನ್ನ ದೊಡ್ಡಮ್ಮ