ನರ್ಸ್‌ಗಳನ್ನೂ ಒಂದು ಮಾತು ಕೇಳಿ

ಮಾನ್ಯ ಸಂಪಾದಕರೇ,

31 ವರ್ಷ ವಾರ್ಡುಗಳಲ್ಲಿ ದುಡಿದು ಈಗ ನಿವೃತ್ತಳಾಗಿದ್ದೇನೆ. ಈಚೆಗೆ ತಂಗಿಯನ್ನು ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ್ದೆವು. ರಾತ್ರಿ ಪಾಳಿಯಲ್ಲಿ ಇಪ್ಪತ್ತಕ್ಕೂ ಜಾಸ್ತಿ ರೋಗಿಗಳು, ನರ್ಸ್‌ಗಳು ಇಬ್ಬರೇ. ಡ್ರಿಪ್ ಬದಲಿಸುತ್ತಿದ್ದ ಹುಡುಗಿ "ಜರ್ಮನ್ ಕಲೀತಿದ್ದೀನಿ ಅಮ್ಮಾ, ಇಲ್ಲಿ ಇರೋಕಾಗಲ್ಲ" ಅಂದಳು. ತುಂಬಾ ಸಂಕಟವಾಯಿತು.

ಸಂಬಳದ ಕಷ್ಟ ಇದ್ದೇ ಇದೆ. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತು. ಎಷ್ಟೇ ಚಿಕ್ಕ ಖಾಸಗಿ ಆಸ್ಪತ್ರೆಯಾದರೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು, 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಸರ್ಕಾರಿ ನರ್ಸ್‌ಗಳಷ್ಟೇ ಕೊಡಬೇಕು ಎಂದು ಸಮಿತಿ ಹೇಳಿತು. ಅದಿನ್ನೂ ಎಷ್ಟೋ ಹುಡುಗಿಯರ ಕೈ ಸೇರಿಲ್ಲ.

ಆದರೆ ಬರೀ ದುಡ್ಡಿಗಾಗಿ ಬಿಟ್ಟು ಹೋಗುತ್ತಾರೆ ಎನ್ನುವುದು ತಪ್ಪು. ನಾನಿದ್ದ ವಾರ್ಡಿನ ಹಿರಿಯ ಸಿಸ್ಟರ್ ಡ್ಯೂಟಿ ಪಟ್ಟಿಯನ್ನು ನಮ್ಮ ಜೊತೆ ಕೂತೇ ಬರೆಯುತ್ತಿದ್ದರು. ಯಾರ ಮಗುವಿಗೆ ಪರೀಕ್ಷೆ, ಯಾರ ಊರಿನಲ್ಲಿ ಜಾತ್ರೆ, ಎಲ್ಲ ಅವರಿಗೆ ಗೊತ್ತಿತ್ತು. ಗ್ಲೌಸ್ ಹರಿದು ಹೋಗ್ತಿವೆ ಎಂದರೆ ಅವತ್ತೇ ಮೇಲಿನವರ ಹತ್ತಿರ ಹೋಗುತ್ತಿದ್ದರು. ಅವರು ಇರುವವರೆಗೂ ನಮ್ಮಲ್ಲಿ ಯಾರೂ ವರ್ಗಾವಣೆ ಕೇಳಲಿಲ್ಲ.

ಸರ್ಕಾರಿ ನರ್ಸ್‌ಗಳನ್ನು ಈಗ 'ಶುಶ್ರೂಷಾಧಿಕಾರಿ' ಎನ್ನುತ್ತಾರೆ. ಸಂತೋಷ. ಆ ಹೆಸರಿಗೆ ತಕ್ಕಂತೆ ಆಸ್ಪತ್ರೆಯ ಸಭೆಯಲ್ಲಿ ವಾರ್ಡಿನ ನರ್ಸ್‌ಗೂ ಒಂದು ಕುರ್ಚಿ ಹಾಕಿ. ಆರೋಗ್ಯ ಇಲಾಖೆ ಜಿಲ್ಲಾ ಆಸ್ಪತ್ರೆಗಳಿಂದಲೇ ಇದನ್ನು ಶುರು ಮಾಡಬಹುದು ಅಲ್ವಾ?

– ನಿವೃತ್ತ ಶುಶ್ರೂಷಕಿ, ಹಾಸನ