ಗೇಟಿನ ಸಪ್ಪಳ

ಶ್ರೀ
ವಿಜಯಪುರ

ಚಿ. ತಮ್ಮಗ ನಿನ್ನ ದೊಡ್ಡವ್ವ ಮಾಡುವ ಆಶೀರ್ವಾದ.

ಸಂಕ್ರಮಣದಾಗ ಸಿದ್ಧೇಶ್ವರ ಜಾತ್ರಿಗೆ ನೀ ಬಂದಾಗ ಎಲ್ಲಾರೂ ಊಟಕ್ಕ ಕುಂತಿದ್ವಿ. ಬಾಜೂ ಮನಿಯವರು ಕಬ್ಬಿಣದ ಗೇಟು ಧಡ್ ಅಂತ ಹಾಕಿದರು. ನಾವ್ಯಾರೂ ತಲಿ ಎತ್ತಲಿಲ್ಲ. ನಿನ್ನ ಕೈಯಾಗಿನ ರೊಟ್ಟಿ ಅಲ್ಲೇ ನಿಂತು ಕಣ್ಣು ಬಾಗಲಕ್ಕ ಹೋತು. ಆಮ್ಯಾಲೆ ನಾ ಬಿ.ಪಿ. ನೋಡಿದೆ, 160/100. ವಯಸ್ಸು ಬರೇ 38. ಕೆಲಸದ ಟೆನ್ಶನ್ ದೊಡ್ಡವ್ವ ಅಂದಿ.

ಕೆಲಸದ್ದೂ ಇದ್ದೀತು. ಆದ್ರ ಆ ನೋಟ ನಾ 30 ವರ್ಷದ ಹಿಂದನ ಹಳೇ ಬಾಗಲಕೋಟಿ ಮನ್ಯಾಗ ಕಂಡೇನಿ. ರಾತ್ರಿ ನಿಮ್ಮಪ್ಪನ ಸೈಕಲ್ಲು ಗ್ವಾಡಿಗೆ ತಾಗಿದ ಸಪ್ಪಳ ಕೇಳಿದ ಕೂಡಲೇ ನೀ ಎದ್ದು, ತಂಗಿ ಕೈ ಹಿಡದು ಜ್ವಾಳದ ಚೀಲದ ಹಿಂದ ಸರೀತಿದ್ದಿ. ಇವತ್ತು ಎಷ್ಟು ಕುಡದು ಬಂದಾನ ಅನ್ನೋದು ಆ ಸಪ್ಪಳದಾಗನ ನಿನಗ ತಿಳೀತಿತ್ತು. ಎಂಟು ವರ್ಷದ ಹುಡುಗ! ಆ ಮನಿ ಈಗ ಆಲಮಟ್ಟಿ ಹಿನ್ನೀರಾಗೈತಿ. ಮುಳುಗಡಿ ಪರಿಹಾರದ ರೊಕ್ಕಾನೂ ಶೆರೆ ಅಂಗಡಿಗೆ ಹೋತು. ನವನಗರಕ್ಕ ಬಂದ್ಮ್ಯಾಲೆ ನಿಮ್ಮಪ್ಪ ತೀರಿಕೊಂಡ, ಇನ್ನ ಎಲ್ಲಾ ಮುಗೀತು ಅಂತ ನಾವು ತಿಳಕೊಂಡ್ವಿ. ನಿನ್ನ ಮೈಗೆ ಅದು ಇನ್ನೂ ಮುಗಿದಿಲ್ಲ, ತಮ್ಮಾ. ಅದಕ್ಕ ಈ ಪತ್ರ.

ಅಂಜಿಕಿ ಆದಾಗ ಮೆದುಳಿನಿಂದ ಸುದ್ದಿ ಹೋಗಿ, ಕಿಡ್ನಿ ಮ್ಯಾಲಿನ ಅಡ್ರಿನಲ್ ಗ್ರಂಥಿ ಅಡ್ರಿನಲಿನ್, ಕಾರ್ಟಿಸಾಲ್ ಅನ್ನೋ ಹಾರ್ಮೋನು ಬಿಡತಾವ. ಎದಿ ಜೋರ್ ಬಡೀತೈತಿ, ರಕ್ತನಾಳ ಬಿಗೀತಾವ, ಲಿವರಿನಿಂದ ಸಕ್ಕರಿ ರಕ್ತಕ್ಕ ಇಳೀತೈತಿ, ಹೊಟ್ಟಿ ತನ್ನ ಕೆಲಸ ಬಿಡತೈತಿ. ಓಡಿ ಜೀವ ಉಳಿಸಿಕೊಳ್ಳಾಕ ಇದು ಬೇಕ ಬೇಕು. ಗಂಡಾಂತರ ತಪ್ಪಿದ ಮ್ಯಾಲೆ ಎಲ್ಲಾ ತಂತಾನ ಇಳೀಬೇಕು. ನಿನಗ ಇಳ್ಯಾಕ ಪುರಸೊತ್ತು ಎಲ್ಲಿತ್ತು? ಎಳೇ ಹೋರಿಗೆ ದಿನಾ ನೊಗ ಹೊರಿಸಿದ್ರ ಹೆಗಲು ಆ ನೊಗಕ್ಕನ ಒಗ್ಗಿ ಗಡ್ಡಿ ಕಟ್ಟತೈತಿ, ನೊಗ ತಗದ್ರೂ ಗಡ್ಡಿ ಹೋಗೂದಿಲ್ಲ. ಬೆಳಿಯೋ ಮೈಗೂ ಹಂಗ. ನ್ಯೂಝಿಲೆಂಡಿನ ಡ್ಯುನೆಡಿನ್ ಊರಾಗ 1972-73ರಾಗ ಹುಟ್ಟಿದ ಕೂಸುಗಳನ್ನ ದೊಡ್ಡವರಾಗೋತನಕ ತಪಾಸು ಮಾಡಕೋಂತ ಬಂದಾರ. ಸಣ್ಣವರಿದ್ದಾಗ ಹೊಡ್ತ ಬಡ್ತ ಉಂಡವರಿಗೆ 32ನೇ ವಯಸ್ಸಿನ್ಯಾಗ ರಕ್ತದಾಗ ಉರಿಯೂತದ, ಅಂದ್ರ ಮೈಯೊಳಗಿನ ಬಾವಿನ ಗುರುತು, ಸಿ.ಆರ್.ಪಿ. ಅಂತಾರಲ್ಲ ಅದು, ಹೆಚ್ಚು ಕಂಡಿತು.

ಅಮೇರಿಕಾದ ಸ್ಯಾನ್ ಡಿಯಾಗೋದಾಗ ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಅನ್ನೋ ಡಾಕ್ಟರು 1995ರಿಂದ 1997ರ ತನಕ 17 ಸಾವಿರ ಮಂದಿಗೆ ಸಣ್ಣಂದಿನ ಕತಿ ಕೇಳಿದರು. ಹೊಡಿತಿದ್ರೇನು, ಮನ್ಯಾಗ ಕುಡಿಯೋರಿದ್ರೇನು, ಅವ್ವಗ ಬಡಿತಿದ್ರೇನು, ಇಂಥಾವು. 1998ರಾಗ ಮೊದಲನೇ ವರದಿ ಬಂತು. ಇಂಥ ನಾಲ್ಕು ನಮೂನಿ ಅಥವಾ ಅದಕ್ಕಿಂತ ಹೆಚ್ಚು ಸಂಕಟ ಕಂಡವರಿಗೆ, ಒಂದೂ ಕಾಣದವರಿಗಿಂತ ಹೃದಯದ ಬ್ಯಾನಿ ಹೆಚ್ಚೂ ಕಡಿಮಿ ಎರಡು ಪಟ್ಟು ಇತ್ತು. ಅವರೇನು ಬಡವರಲ್ಲ, ಬಹಳ ಮಂದಿ ನೌಕರಿ, ವಿಮಾ ಎಲ್ಲಾ ಇದ್ದವರು. ಇದನ್ನ ಓದಿ ನೀ ಹೆದರಬ್ಯಾಡ. ಆ ಲೆಕ್ಕಾ ಹಿಡದು ಒಬ್ಬೊಬ್ಬರ ಮುಂದಿನ ಗತಿ ಹೇಳಬಾರದು ಅಂತ ಆಂಡಾ ಅವರೇ 2020ರಾಗ ಬರದಾರ. ನಾ ಇದನ್ನ ಹೇಳಾಕತ್ತಿದ್ದು ನಿನಗ ನೀನ ಬೈಕೊಳ್ಳೂದು ನಿಲ್ಲಲಿ ಅಂತ. ನಡುರಾತ್ರಿ ಎಚ್ಚರ ಆಗೂದು, ಹೊಟ್ಟಿ ಉರಿ, ಗುಟ್ಕಾ ಬಿಡಾಕ ಆಗದಿರೂದು, ಇವು ನಿನ್ನ ಹೇಡಿತನ ಅಲ್ಲ.

ಇನ್ನೊಂದು ಮಾತು ಬರಿಯಾಕ ಕೈ ನಡಗತೈತಿ. ನಾ ನರ್ಸು. ಮಂದಿ ಮಕ್ಕಳಿಗೆ ಲಸಿಕಿ ಹಾಕಾಕ ಹಳ್ಳಿ ಹಳ್ಳಿ ತಿರುಗಿದಾಕಿ. ನಿನ್ನ ಬೆನ್ನ ಮ್ಯಾಲೆ ಬೆಲ್ಟಿನ ಬಾಸಳ ಎದ್ದಿದ್ದು ನೋಡಿ ಅರಿಶಿಣ ಹಚ್ಚಿದೆ, ಮನಿ ಮಾತು ಹೊರಗ ಹೋಗಬಾರದು ಅಂತ ಬಾಯಿ ಮುಚ್ಚಿಕೊಂಡೆ. ನಿಮ್ಮಿಬ್ಬರನ್ನ ನನ್ನ ಮನಿಗೆ ಕರಕೊಂಡು ಬರಬೇಕಿತ್ತು. ತಪ್ಪಾತು, ತಮ್ಮಾ.

ಬಿ.ಪಿ. ಗುಳಿಗಿ ಒಂದು ದಿನಾನೂ ಬಿಡಬ್ಯಾಡ, ಈ ಕತಿ ಕೇಳಿದೆ ಅಂತ ಗುಳಿಗಿ ಕೈಬಿಟ್ಟೀ ಮತ್ತ. ಸಕ್ಕರಿ, ಕೊಲೆಸ್ಟ್ರಾಲ್ ಸುದ್ದಾ ನೋಡಿಸು. ನಿದ್ದಿ ಬರೂದಿಲ್ಲ ಅನ್ನೋದನ್ನೂ, ಯಾಕ ಬರೂದಿಲ್ಲ ಅನ್ನೋದನ್ನೂ ಡಾಕ್ಟರ ಮುಂದ ಹೇಳು. ಮನಸ್ಸಿನ ಡಾಕ್ಟರನ್ನೂ ಕಾಣು. ನಾನೇನು ಹುಚ್ಚನಾ ಅಂತ ಕೇಳತೀ, ಗೊತ್ತು. ಮುರದ ಎಲುಬಿಗೆ ಪಟ್ಟಿ ಕಟ್ಟಿಸಿಕೊಳ್ಳಾಕ ಯಾರಾದರೂ ನಾಚಿಕೊಂತಾರೇನು? ಬೆಳಗಾವಿಯಿಂದ ಧಾರವಾಡದ ಡಿಮ್ಹಾನ್ಸ್, ಮನಸ್ಸಿನ ಬ್ಯಾನಿ ನೋಡೋ ಸರಕಾರಿ ಆಸ್ಪತ್ರಿ, ದೂರಿಲ್ಲ. ಅಲ್ಲೀತನಕ ಹೋಗಾಕ ಮನಸ್ಸು ಬರದಿದ್ರ 14416ಕ್ಕ ಫೋನ್ ಹಚ್ಚು, ಟೆಲಿ ಮಾನಸ್ ಅಂತ ಸರಕಾರದ್ದು, 2022ರಿಂದ ಐತಿ. ರೊಕ್ಕ ಇಲ್ಲ, ಕನ್ನಡದಾಗನ ಮಾತಾಡತಾರ.

ಹ್ವಾದ ಸಲ ನಿಮ್ಮ ಮನಿಗೆ ಬಂದಾಗ ನಿನ್ನ ಗಾಡಿ ಸಪ್ಪಳ ಕೇಳಿ ನಿನ್ನ ಮಗಳು ಬಾಗಲಕ್ಕ ಓಡಿದ್ಲು, ಅಪ್ಪ ಬಂದ ಅಂತ. ನಾ ಅಡಗಿಮನ್ಯಾಗ ನಿಂತು ಕಣ್ಣೊರಸಿಕೊಂಡೆ. ಇಷ್ಟು ದೊಡ್ಡ ಕೆಲಸ ಒಬ್ಬನ ಮಾಡೀಯಲ್ಲೋ.

ಬರೂ ಸೋಮವಾರ ನಿಮ್ಮವ್ವನ್ನ ಕರಕೊಂಡು ಬೆಳಗಾವಿಗೆ ಬರತೀನಿ. ಡಾಕ್ಟರ ಕಡೆ ನಾನೂ ಸಂಗಡ ಇರತೀನಿ. ನಿನಗ ಬಾಯಿ ಬರದಿದ್ರ ಸುಮ್ಮನ ಕುಂದ್ರು. ಆ ಬಾಸಳ ನಾ ಕಣ್ಣಾರೆ ನೋಡೇನಿ, ಈ ಸಲ ನಾನ ಹೇಳತೀನಿ.

ನಿನ್ನ
ದೊಡ್ಡವ್ವ